ಹೆಂಡತಿ ಕಾಪಿ ಹೊಡೆದದ್ದನ್ನು ಮನ್ನಿಸುವ ಕುರಿತು

ಇಂದ,
ಬಾಯ್ಲರ್ ವಿಭಾಗದ ಮುಖ್ಯಸ್ಥ (ವಿಭಾಗದಲ್ಲಿ ಬೇರೆ ಯಾರೂ ಇಲ್ಲ),
ಲಾಂಡ್ರಿಯ ಹಿಂಬದಿ ಶೆಡ್ಡು.

ಗೆ,
ಮಾನ್ಯ ಮ್ಯಾನೇಜರ್ ಸಾಹೇಬರು,
ಅದೇ ಲಾಂಡ್ರಿಯ ಮುಂಬದಿ, ಫ್ಯಾನ್ ಇರುವ ಕೋಣೆ.

ವಿಷಯ: ಇಂಗ್ಲಿಷ್ ಫ್ರೇಸಲ್ ವರ್ಬ್ ಪರೀಕ್ಷೆಯಲ್ಲಿ ಅರ್ಜಿದಾರನ ಧರ್ಮಪತ್ನಿಯು ಅರ್ಜಿದಾರನನ್ನು ನೋಡಿ ಬರೆದಿರುವುದನ್ನು ಮನ್ನಿಸಿ, ಕೌಂಟರಿನ ಕುರ್ಚಿಯನ್ನು ಅರ್ಜಿದಾರನಿಗೆ ದಯಪಾಲಿಸುವ ಬಗ್ಗೆ.

ಉಲ್ಲೇಖ: 1. ಡ್ರೈಯರ್ ಪಕ್ಕದ ಬೋರ್ಡಿಗೆ ಸೋಮವಾರ ತಾವು ಅಂಟಿಸಿದ ನೋಟೀಸು.
2. ಅರ್ಜಿದಾರನ ಕೀರ್ತಿ (ಲಿಖಿತ ದಾಖಲೆ ಇಲ್ಲ, ಯಾರನ್ನು ಬೇಕಾದರೂ ಕೇಳಬಹುದು, ಹೆಂಡತಿಯೊಬ್ಬಳನ್ನು ಬಿಟ್ಟು).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಲೆ ಎತ್ತಿಯೇ ಬಿನ್ನವಿಸಿಕೊಳ್ಳುವುದೇನೆಂದರೆ:

1. ಸದರಿ ಅರ್ಜಿದಾರನು ಇಂಗ್ಲಿಷ್ ಭಾಷೆಯ ನಾಲ್ಕು ಸಾವಿರದ ಇನ್ನೂರ ಹನ್ನೊಂದು ಫ್ರೇಸಲ್ ವರ್ಬುಗಳನ್ನು ಒಂದೇ ಮಧ್ಯಾಹ್ನ, ಬಾಯ್ಲರಿನಲ್ಲಿ ಆವಿ ಏರುವಷ್ಟರೊಳಗೆ, ಬಾಯಿಪಾಠ ಮಾಡಿ ಮುಗಿಸಿರುತ್ತಾನೆ. ಅಂದು ಆವಿ ಏರುವುದು ಸ್ವಲ್ಪ ತಡವಾದ ಕಾರಣ, ಸುಮ್ಮನೆ ಕೂರುವ ಜಾಯಮಾನ ತನ್ನದಲ್ಲವಾದ ಕಾರಣ, ಆ ಭಾಷೆಯಲ್ಲಿ ಇಲ್ಲದ ಇನ್ನೂ ಮೂವತ್ತನ್ನು ತಾನೇ ಹುಟ್ಟಿಸಿ ಸೇರಿಸಿರುತ್ತಾನೆ. ಇಂಗ್ಲಿಷಿನವರು ಈ ಬಗ್ಗೆ ಇದುವರೆಗೆ ಕೃತಜ್ಞತೆ ಸಲ್ಲಿಸಿಲ್ಲ. ಅರ್ಜಿದಾರನು ಅದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ.

2. ಫ್ರೇಸಲ್ ವರ್ಬು ಎಂದರೇನೆಂದು ತಮಗೆ ತಿಳಿದೇ ಇದೆ, ಆದರೂ ಕಡತದಲ್ಲಿರಲಿ. ಒಂದು ಸಾದಾ ಕ್ರಿಯಾಪದದ ಬಾಲಕ್ಕೆ ಅಪ್, ಆಫ್, ಔಟ್ ಎಂಬ ಗಿಡ್ಡ ಪದವೊಂದನ್ನು ಕಟ್ಟಿದ ಕೂಡಲೇ ಅದರ ಅರ್ಥ ಪಲ್ಟಿ ಹೊಡೆಯುತ್ತದೆ, ನೂರು ಬಿಳಿ ಬೆಡ್‌ಶೀಟುಗಳ ನಡುವೆ ಒಂದೇ ಒಂದು ಕೆಂಪು ಕಾಲುಚೀಲ ಬಿದ್ದ ಹಾಗೆ. ‘ಕಾಲ್’ ಎಂದರೆ ಕರೆಯುವುದು. ‘ಕಾಲ್ ಆಫ್’ ಎಂದರೆ ರದ್ದು ಮಾಡುವುದು. ಇದನ್ನರಿಯದ ಯಾರೋ ಒಬ್ಬ ನೌಕರ ಕಳೆದ ವರ್ಷ, ದೊಡ್ಡ ಹೋಟೆಲಿನವರು ಫೋನ್ ಮಾಡಿ ಔತಣಕೂಟವನ್ನು ‘ಕಾಲ್ ಆಫ್’ ಮಾಡಿದ್ದೇವೆ ಎಂದಾಗ “ಎಸ್ ಎಸ್, ಥ್ಯಾಂಕ್ಯೂ” ಎಂದು ಹೇಳಿ, ಮುನ್ನೂರು ಮೇಜುಬಟ್ಟೆಗಳನ್ನು ಇಸ್ತ್ರಿ ಮಾಡಿಸಿ ಖಾಲಿ ಹಾಲಿಗೆ ಕಳಿಸಿಕೊಟ್ಟನು. ಆ ಕಾರಣದಿಂದಲೇ ತಾವು ನಮಗೆಲ್ಲ ಮಂಗಳವಾರದ ಇಂಗ್ಲಿಷ್ ಕ್ಲಾಸು ಇಡಿಸಿದ್ದು. ಆ ನೌಕರ ಯಾರೆಂಬುದು ಈ ಅರ್ಜಿಗೆ ಸಂಬಂಧಪಟ್ಟ ವಿಚಾರವಲ್ಲ.

3. ಎರಡು ಪಾಳಿಗಳ ನಡುವಿನ ಒಂದು ಗಂಟೆ, ಬಟ್ಟೆ ಮಡಿಸುವ ಮೇಜುಗಳನ್ನೇ ಡೆಸ್ಕು ಮಾಡಿಕೊಂಡು, ತಲೆಯ ಮೇಲೆ ದಿಂಬಿನ ಕವರುಗಳು ತೂಗುತ್ತಿರುವಂತೆಯೇ ಇಂಗ್ಲಿಷ್ ಮೇಡಂ ಪಾಠ ಮಾಡಿದರು. ಹದಿನಾಲ್ಕು ಕ್ಲಾಸುಗಳಿಗೂ ಅರ್ಜಿದಾರನು ಹಾಜರು. ಆ ಹೊತ್ತಿನಲ್ಲಿ ಅವನ ಕಣ್ಣು ಮುಚ್ಚಿರುತ್ತಿದ್ದದ್ದು ಏಕಾಗ್ರತೆಯ ಕಾರಣ. ಗಂಟಲಿನಿಂದ ಹೊರಡುತ್ತಿದ್ದ ಸದ್ದು ಉಚ್ಚಾರಣೆಯ ಅಭ್ಯಾಸ.

4. ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಮುಂಬದಿಯ ಕೌಂಟರು ಎಂದು ತಾವು ಸಾರಿದಿರಿ. ಕೌಂಟರು ಎಂದರೆ ಒಂದು ಫೋನು ಮತ್ತು ಒಂದು ಕುರ್ಚಿ. ಇಪ್ಪತ್ತಾರು ಜನ ದುಡಿಯುವ ಈ ಲಾಂಡ್ರಿಯಲ್ಲಿ ಇರುವುದೇ ಎರಡು ಕುರ್ಚಿ, ಒಂದರಲ್ಲಿ ತಾವು ಕೂತಿದ್ದೀರಿ. ಇಪ್ಪತ್ತು ಫ್ರೇಸಲ್ ವರ್ಬು, ಪ್ರತಿಯೊಂದಕ್ಕೂ ಒಂದು ಸ್ವಂತ ವಾಕ್ಯ, ಇಪ್ಪತ್ತು ಅಂಕ. ಅರ್ಜಿದಾರನು ಎಲ್ಲರಿಗಿಂತ ಮೊದಲು ಎದ್ದು, ಎಲ್ಲರಿಗೂ ಕಾಣುವಂತೆ ನಡೆದು ಹೋಗಿ ಪೇಪರು ಕೊಟ್ಟನು. ಅವನಿಗೆ ಹತ್ತೊಂಬತ್ತು ಬಂತು. ಅವನ ಪಕ್ಕದಲ್ಲೇ ಕೂತಿದ್ದ, ಹನ್ನೊಂದು ವರ್ಷದಿಂದ ಇದೇ ಲಾಂಡ್ರಿಯಲ್ಲಿ ನಿಂತು ಬೆಡ್‌ಶೀಟ್ ಮಡಿಸುತ್ತಿರುವ ಅವನ ಪತ್ನಿಗೆ ಇಪ್ಪತ್ತು ಬಂತು. ಮೊದಲ ಹತ್ತೊಂಬತ್ತು ವಾಕ್ಯಗಳು ಇಬ್ಬರ ಪೇಪರಿನಲ್ಲೂ ಚುಕ್ಕೆ ಸಮೇತ ಒಂದೇ.

5. ಆದ್ದರಿಂದ ತಾವು ಇಬ್ಬರ ಪೇಪರನ್ನೂ ವಾಪಸು ಕೊಟ್ಟು ನೋಟೀಸು ಹೊರಡಿಸಿದಿರಿ. ಯಾರು ಯಾರನ್ನು ನೋಡಿ ಬರೆದರೆಂದು ಶನಿವಾರ ಸಂಜೆ ಐದರೊಳಗೆ ಬರೆದು ತಿಳಿಸತಕ್ಕದ್ದು. ತಪ್ಪಿದಲ್ಲಿ ಇಬ್ಬರನ್ನೂ ಬಿಟ್ಟು ಕುರ್ಚಿಗೆ ಹೊರಗಿನವರನ್ನು ತರಲಾಗುವುದು. ಅರ್ಜಿದಾರರು ತಮ್ಮ ಪೇಪರಿನ ವಾಕ್ಯಗಳ ಕನ್ನಡ ಅರ್ಥವನ್ನು ಅರ್ಜಿಯಲ್ಲಿಯೇ ಸ್ವಹಸ್ತದಿಂದ ಬರೆಯತಕ್ಕದ್ದು (ಇದು ಮೇಡಂ ಸೇರಿಸಿದ ಷರತ್ತೆಂದು ಕೇಳಿದ್ದೇವೆ). ತಲೆಗೊಂದೇ ಫಾರಂ, ಹೊಡೆದುಹಾಕಿದ, ತಿದ್ದಿದ ಅರ್ಜಿಗಳನ್ನು ತೆಗೆದುಕೊಳ್ಳಲಾಗುವುದಿಲ್ಲ. ಸರಿ. ಅರ್ಜಿದಾರನ ಹೇಳಿಕೆ ಇಷ್ಟೇ: ಪತ್ನಿಯು ಅವನನ್ನು ನೋಡಿ ಬರೆದಳು. ಒಂದು ಅಂಕ ಹೆಚ್ಚಿಗೆ ಬಂದದ್ದು ಗುರುವನ್ನು ಶಿಷ್ಯೆ ಮೀರಿಸಿದ ಲಕ್ಷಣ. ಅವಳನ್ನು ದಂಡಿಸಬೇಡಿ, ಪಾಪ.

6. ಇನ್ನು ಅರ್ಥ ಬರೆಯುವ ಕೆಲಸ. ಅರ್ಜಿದಾರನಿಗೆ ಎಲ್ಲವೂ ಅಂಗೈಯ ಗೆರೆಯಷ್ಟೇ ಸ್ಪಷ್ಟ. ಆದರೆ ಕನ್ನಡಕವನ್ನು ಬಾಯ್ಲರಿನ ಬಳಿ ಮರೆತು ಬಂದ ಕಾರಣ (ಕನ್ನಡಕ ಇದ್ದರಲ್ಲವೇ ಮರೆಯುವುದಕ್ಕೆ, ಎಂದು ಪತ್ನಿಯು ಇದೀಗ ಹಿಂದಿನಿಂದ ಓದಿ ಹೇಳಿದಳು) ಆಕೆಯ ಸಹಾಯ ಕೋರಲಾಯಿತು. ಆಕೆ ಉಪ್ಪು ಹಾಕಿದ ಬಿಸಿನೀರಿನ ಬಕೆಟ್ಟಿನಲ್ಲಿ ಎರಡೂ ಕಾಲು ಇಳಿಬಿಟ್ಟು ಕೂತಿದ್ದಳು. ಶನಿವಾರ ಅರ್ಧ ದಿನದ ಪಾಳಿ ಮುಗಿಸಿ ಬಂದ ಮೇಲೆ ಅವಳ ಕಾಲು ಚಪ್ಪಲಿಯೊಳಗೆ ಹಿಡಿಸುವುದಿಲ್ಲ.

“ಏನೇ, ಒಂದನೇದ್ದು ಸ್ವಲ್ಪ ಓದು. ನನ್ನ ಅಕ್ಷರದ ಅಂದ ನೋಡ್ತಾ ಕೂತ್ರೆ ಅರ್ಥದ ಕಡೆ ಗಮನಾನೇ ಹೋಗ್ತಿಲ್ಲ.”

“ಓದ್ಲೇಬೇಕಾ?”

“ಆಫೀಸಿನ ಕೆಲಸ ಇದು. ಓದು.”

“‘ವೇಕ್ ಅಪ್’. ಎಬ್ಬಿಸೋದು ಅಂತ. ‘ನನ್ನ ಗಂಡ ಕ್ಲಾಸಲ್ಲಿ ಗೊರಕೆ ಹೊಡೀತಾರೆ. ಮೇಡಂ ಹತ್ತಿರ ಬಂದಾಗ ನಾನು ಮೊಣಕೈಲಿ ತಿವಿದು ಎಬ್ಬಿಸ್ತೀನಿ.’”

“ನೋಡೇ, ನೀನು ನಿನ್ನ ಪೇಪರ್ ಹಿಡ್ಕೊಂಡಿದೀಯ.”

“ಮೇಲೆ ಟೋಕನ್ ನಂಬರ್ ಯಾರದು ನೋಡಿ.”

ಅರ್ಜಿದಾರನು ನೋಡಿದನು. ತನ್ನದೇ ಇತ್ತು.

7. ಅರ್ಜಿದಾರನು ಗಂಡಸು. ಅವನಿಗೆ ಗಂಡ ಇಲ್ಲ. ಇಟ್ಟುಕೊಳ್ಳಲು ಮನೆಯಲ್ಲಿ ಜಾಗವೂ ಇಲ್ಲ. ಹೀಗಿದ್ದರೂ ಅವನ ಕೈಬರಹದಲ್ಲೇ “ನನ್ನ ಗಂಡ” ಎಂದು ದಾಖಲಾಗಿರುವುದನ್ನು ತಾವು ತಪ್ಪು ತಿಳಿಯಬಾರದು. ದೊಡ್ಡ ಬರಹಗಾರರು ಇನ್ನೊಬ್ಬರ ಒಳಹೊಕ್ಕು ಬರೆಯುತ್ತಾರಲ್ಲ, ಪರಕಾಯ ಪ್ರವೇಶ, ಇದು ಅದು. ಅರ್ಜಿದಾರನು ಹೆಂಡತಿಯ ಮನಸ್ಸನ್ನು ಹೊಕ್ಕು ಬರೆದಿದ್ದಾನೆ. ಈ ವಿವರಣೆ ಕೇಳಿ ಪತ್ನಿಯು ಬಕೆಟ್ಟಿನ ನೀರು ಚೆಲ್ಲುವಷ್ಟು ನಕ್ಕಳು.

“ಹಾಗಾದ್ರೆ ಇನ್ನೂ ಒಳಗೆ ಹೋಗೋಣ ಬನ್ನಿ,” ಎಂದಳು. “ನಾಲ್ಕನೇದು, ‘ಶೋ ಆಫ್’. ಜಂಬ ಕೊಚ್ಚೋದು. ‘ಯಾರೂ ಸಿಗದಿದ್ರೆ ನನ್ನ ಗಂಡ ಬಾಯ್ಲರ್ ಮುಂದೆ ನಿಂತು ಜಂಬ ಕೊಚ್ತಾರೆ.’ ಏಳನೇದು, ‘ಮೇಕ್ ಅಪ್’. ಇಲ್ಲದ್ದನ್ನ ಕಟ್ಟಿ ಹೇಳೋದು. ‘ಒಗೆಯೋ ಮೆಷಿನ್ನನ್ನ ಒಂದೇ ಕೈಲಿ ಎತ್ತಿದೆ ಅಂತ ಅವರು ಕಥೆ ಕಟ್ಟಿದರು. ಎತ್ತಿದ್ದು ಐದು ಜನ. ಇವರು ಪಕ್ಕದಲ್ಲಿ ನಿಂತು ಒಂದು, ಎರಡು, ಮೂರು ಅಂತ ಎಣಿಸಿದರು.’”

“ಎಣಿಸದೇ ಎತ್ತಿದ್ರೆ ಸೊಂಟ ಹಿಡ್ಕೊಳ್ತಿತ್ತು ಅವರಿಗೆ!”

“ಬರ್ಕೊಳ್ಳಿ ಅದನ್ನೂ.”

ಬರೆದುಕೊಳ್ಳಲಾಗಿದೆ.

8. ಒಂಬತ್ತನೆಯ ವಾಕ್ಯ ‘ಫೈಂಡ್ ಔಟ್’. ಪತ್ತೆ ಹಚ್ಚುವುದು. ಇದರ ಅರ್ಥವನ್ನು ಬಿಟ್ಟು ಮುಂದಕ್ಕೆ ಹೋಗೋಣ ಎಂದು ಪತ್ನಿಯೇ ಸಲಹೆ ಮಾಡಿದಳು. ಷರತ್ತು ಷರತ್ತೇ ಎಂದು ಅರ್ಜಿದಾರನು ಗತ್ತಿನಿಂದ ಹಟ ಹಿಡಿದನು. ಹಟ ಹಿಡಿಯಬಾರದಿತ್ತು. ಅದು ಹೀಗಿದೆ: “ಹೋಟೆಲಿನ ಫೋನಿಗೆ ಎಸ್ ಎಸ್ ಥ್ಯಾಂಕ್ಯೂ ಎಂದವರು ಯಾರೆಂದು ಮ್ಯಾನೇಜರಿಗೆ ಇನ್ನೂ ಪತ್ತೆಯಾಗಿಲ್ಲ. ಅವರು ನಮ್ಮ ಮನೆಯಲ್ಲೇ ಇದ್ದಾರೆ.”

ತಾವು ಈ ಪೇಪರನ್ನು ಸೋಮವಾರವೇ ಓದಿದ್ದೀರಿ. ಸೋಮವಾರದಿಂದ ತಾವು ಅರ್ಜಿದಾರನನ್ನು ಕಂಡಾಗಲೆಲ್ಲ “ಎಸ್ ಎಸ್” ಎಂದು ತಲೆಯಾಡಿಸುತ್ತಿದ್ದದ್ದನ್ನು ಅವನು ತನ್ನ ಇಂಗ್ಲಿಷಿಗೆ ಸಂದ ಮರ್ಯಾದೆ ಎಂದುಕೊಂಡಿದ್ದನು.

9. ಹನ್ನೊಂದನೆಯದು ‘ಪುಟ್ ಅಪ್ ವಿತ್’, ಸಹಿಸಿಕೊಳ್ಳುವುದು. ಆ ವಾಕ್ಯದಲ್ಲಿ ಸಹಿಸಿಕೊಂಡವರು ಯಾರು, ಎಷ್ಟು ವರ್ಷ ಎಂಬುದನ್ನು ತಾವು ಊಹಿಸಿಕೊಳ್ಳಬೇಕು. ಹದಿಮೂರನೆಯದನ್ನು ಓದುವಾಗ ಅವಳು ನಗಲಿಲ್ಲ.

“‘ವೇರ್ ಔಟ್’. ಸವೆದು ಹೋಗೋದು. ‘ನಿಂತೂ ನಿಂತೂ ನನ್ನ ಕಾಲು ಸವೆದು ಹೋಗಿದಾವೆ.’”

“ಇದು ಬಾಯ್ಲರ್ ಹತ್ತಿರ ನಿಲ್ಲೋ ನನಗೂ ಅನ್ವಯ ಆಗತ್ತೆ,” ಎಂದನು ಅರ್ಜಿದಾರ.

“ನೀವು ಬಾಯ್ಲರ್ ಹತ್ತಿರ ಡಬ್ಬದ ಮೇಲೆ ಕೂತಿರ್ತೀರಿ ರೀ.”

ಹೌದು, ಡಬ್ಬ ಇದೆ. ಒಳ್ಳೆಯ ಡಬ್ಬ.

“ಹದಿನಾರನೇದು, ‘ಲುಕ್ ಫಾರ್ವರ್ಡ್ ಟು’. ಆಸೆಯಿಂದ ಎದುರು ನೋಡೋದು. ‘ಒಂದು ದಿನವಾದರೂ ಕೂತ್ಕೊಂಡು ಕೆಲಸ ಮಾಡೋದನ್ನ ಎದುರು ನೋಡ್ತಿದೀನಿ.’”

ಅರ್ಜಿದಾರನು ಮಾತಾಡಲಿಲ್ಲ. ಅವನ ಜೀವಮಾನದಲ್ಲಿ ಹೀಗಾದದ್ದು ಇದು ಎರಡನೇ ಸಲ. ಮೊದಲನೆಯದು ಹಲ್ಲು ಕೀಳಿಸಿದಾಗ.

“ನಿನ್ನ ಅರ್ಜಿ ಕೊಟ್ಯಾ?” ಎಂದು ಕೊನೆಗೆ ಕೇಳಿದನು.

“ಇಲ್ಲ.”

“ಯಾಕೆ?”

“ಗಂಡನ ಮೇಲೆ ಚಾಡಿ ಬರೆದು ಗಿಟ್ಟಿಸಿದ ಕುರ್ಚಿ ಚುಚ್ಚತ್ತೆ ರೀ. ನಿಮ್ಮದು ನೀವು ಬರೀರಿ. ಐದು ಗಂಟೆಗೆ ಇನ್ನೂ ನಲವತ್ತು ನಿಮಿಷ ಇದೆ.”

10. ಹತ್ತೊಂಬತ್ತನೆಯದು ‘ಸ್ಟ್ಯಾಂಡ್ ಅಪ್ ಫಾರ್’, ಯಾರದಾದರೂ ಪರವಾಗಿ ನಿಲ್ಲುವುದು. “ನನ್ನ ಗಂಡನ ಬಾಯಿ ದೊಡ್ಡದು, ಆದರೆ ಸಮಯ ಬಂದರೆ ನನ್ನ ಪರ ನಿಲ್ಲುತ್ತಾರೆ.” ಇದನ್ನು ಅರ್ಜಿದಾರನು ತನ್ನ ಕೈಯಾರೆ, ಅರ್ಥ ಗೊತ್ತಿಲ್ಲದೆ, ನಕಲು ಮಾಡಿ, ಎದ್ದು, ಎಲ್ಲರಿಗಿಂತ ಮೊದಲು ಪೇಪರು ಕೊಡಲು ಹೊರಟಿದ್ದನು.

11. ಮೇಲಿನ ಅಂಶದಲ್ಲಿ ‘ನಕಲು’ ಎಂಬ ಪದ ನುಸುಳಿಬಿಟ್ಟಿತು. ಹೊಡೆದುಹಾಕುವಂತಿಲ್ಲ, ಇರುವುದು ಒಂದೇ ಫಾರಂ. ಆದ್ದರಿಂದ, ಆ ಕಾರಣ, ಸದರಿ ಹಿನ್ನೆಲೆಯಲ್ಲಿ, ‘ಅರ್ಜಿದಾರ’ ಎಂಬ ಪದದ ಹಿಂದೆ ಅವಿತು ಅವಿತು ನನಗೂ ಬೆನ್ನು ನೋವು ಬಂದಿದೆ. ಸಾಹೇಬರೇ, ನೋಡಿ ಬರೆದವನು ನಾನು. ನನಗೆ ಗೊತ್ತಿರುವುದು ಬಟ್ಟೆಯ ಮೇಲೆ ಗುರುತು ಹಾಕುವ ದೊಡ್ಡಕ್ಷರಗಳು ಮಾತ್ರ. ಅವಳ ಕೂಡುಬರಹವನ್ನು ಕಸೂತಿ ತೆಗೆದ ಹಾಗೆ ಒಂದೊಂದೇ ಎಳೆ ನೋಡಿ ತೆಗೆದೆ. ನಾಲ್ಕು ಸಾವಿರದ ಇನ್ನೂರ ಹನ್ನೊಂದು ಎಂದು ಬರೆದದ್ದು ಬಾಯ್ಲರಿನ ನಂಬರು. ನನಗೆ ಬರುತ್ತಿದ್ದ ಫ್ರೇಸಲ್ ವರ್ಬು ‘ಕಾಲ್ ಆಫ್’ ಒಂದೇ, ಅದೂ ಮೇಜುಬಟ್ಟೆಗಳು ವಾಪಸು ಬಂದ ಮೇಲೆ. ಹದಿನಾಲ್ಕು ಮಂಗಳವಾರವೂ ನಿದ್ದೆ ಹೋಗಿದ್ದೆ, ಅದು ಒಂದನೇ ವಾಕ್ಯದಲ್ಲಿದೆ.

12. ಇಪ್ಪತ್ತನೆಯ ಪ್ರಶ್ನೆ ‘ಓನ್ ಅಪ್’. ಅವಳು ಅದನ್ನು ಬರೆಯುವ ಮೊದಲೇ ನಾನು ಬರೆದು ಎದ್ದುಬಿಟ್ಟಿದ್ದರಿಂದ ಅದೊಂದು ಮಾತ್ರ ನನ್ನ ಸ್ವಂತ ಪ್ರತಿಭೆ. ‘ಓನ್’ ಎಂದರೆ ಸ್ವಂತದ್ದು, ‘ಅಪ್’ ಎಂದರೆ ಮೇಲೆ ಎಂದು ಎಲ್ಲೋ ಕೇಳಿದ್ದರಿಂದ, ನನಗೆ ಮೇಲಂತಸ್ತಿನಲ್ಲಿ ಮೂರು ಸ್ವಂತ ಮನೆಗಳಿವೆ ಎಂದು ದೊಡ್ಡಕ್ಷರದಲ್ಲಿ ಬರೆದೆ. ಅರ್ಥವೂ ತಪ್ಪು, ವಿಷಯವೂ ಸುಳ್ಳು. ನಾವಿರುವುದು ಬಾಡಿಗೆ ಮನೆ, ಕೆಳಗಡೆ.

“ಹಾಗಂದ್ರೆ ಏನೇ, ಓನ್ ಅಪ್?” ಎಂದು ಈಗ ಕೇಳಿದೆ.

“ಮಾಡಿದ ತಪ್ಪನ್ನ ತಾನಾಗೇ ಒಪ್ಕೊಳ್ಳೋದು.”

“ಅದಕ್ಕೂ ಒಂದು ಪದ ಇಟ್ಟಿದಾರಾ?”

“ಇಟ್ಟಿದಾರೆ. ಬಳಸೋರು ಕಮ್ಮಿ.”

ಆದ್ದರಿಂದ, ವಿಷಯದ ಸಾಲಿನಲ್ಲಿ ಬರೆದದ್ದನ್ನು ಬುಡಮೇಲಾಗಿ ಓದಿಕೊಂಡು, ಇಪ್ಪತ್ತಕ್ಕೆ ಇಪ್ಪತ್ತು ತೆಗೆದ ನನ್ನ ಹೆಂಡತಿಯನ್ನು ಸೋಮವಾರದಿಂದಲೇ ಕೌಂಟರಿನ ಕುರ್ಚಿಯಲ್ಲಿ ಕೂರಿಸಬೇಕಾಗಿಯೂ, ನನ್ನ ಹತ್ತೊಂಬತ್ತನ್ನು ರದ್ದು, ಅಂದರೆ ‘ಕಾಲ್ ಆಫ್’, ಮಾಡಬೇಕಾಗಿಯೂ, ಕುರ್ಚಿಯ ಎತ್ತರ ಅವಳ ಕಾಲಿಗೆ ಜಾಸ್ತಿಯಾದಲ್ಲಿ ಕೆಳಗಿಡಲು ನನ್ನ ಡಬ್ಬವನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆಂದು ದಾಖಲಿಸಿಕೊಳ್ಳಬೇಕಾಗಿಯೂ ಕೋರುತ್ತೇನೆ.

ಇದುವರೆಗೆ ತಮ್ಮ ವಿಶ್ವಾಸಕ್ಕೆ ತಕ್ಕವನಾಗಿರದ, ಸೋಮವಾರದಿಂದ ನಿಂತು ಕೆಲಸ ಮಾಡಲಿರುವ,
ಬಾಯ್ಲರಿನವನು.

ಅಡಕಗಳು:
ಅ) ನನ್ನದೆಂದು ಹೇಳಿಕೊಂಡ ಉತ್ತರಪತ್ರಿಕೆ.
ಆ) ನಿಜವಾದ ಉತ್ತರಪತ್ರಿಕೆ (ಪತ್ನಿಯದು, ಅವಳು ಬೇಡವೆಂದರೂ ಲಗತ್ತಿಸಿದ್ದೇನೆ).
ಇ) ಎರಡನೇ ಹಾಳೆಯ ಮೇಲಿನ ಒದ್ದೆ ಕಲೆ. ಬಕೆಟ್ಟಿನ ನೀರು, ಬೇರೇನೂ ಅಲ್ಲ.

ವಿಶೇಷ ಕೋರಿಕೆ: ‘ಓನ್ ಅಪ್’ ಬಳಸಿ ಸ್ವಂತ ವಾಕ್ಯ ಬರೆಯಿರಿ ಎಂದು ಪ್ರಶ್ನೆಯಲ್ಲಿತ್ತು. ಇಷ್ಟುದ್ದದ ಈ ಅರ್ಜಿಯನ್ನೇ ಆ ವಾಕ್ಯವೆಂದು ಪರಿಗಣಿಸಿ, ತಡವಾಗಿ ಬಂದಿದ್ದರೂ, ಇಪ್ಪತ್ತಕ್ಕೆ ಒಂದು ಅಂಕ ಕೊಡಬೇಕಾಗಿ ವಿನಂತಿ. ಇದನ್ನು ಮಾತ್ರ ನಾನು ಯಾರನ್ನೂ ನೋಡಿ ಬರೆದಿಲ್ಲ.