ಹರಿದ ಸ್ಪೀಕರಿಗೆ ನಾನು ಹಾಕಿದ ತೇಪೆ

ನನ್ನ ಮಗ ನುಡಿಸುವುದು ಒಂದೇ ಒಂದು ಗಿಟಾರು. ಅದರ ಹಿಂದೆ ಬರುವ ಪರಿವಾರ ಮಾತ್ರ ಮಹಾರಾಜರ ದಂಡಯಾತ್ರೆಯದು. ಸದ್ದನ್ನು ದೊಡ್ಡದು ಮಾಡುವ ಆಂಪ್ ಎಂಬ ಪೆಟ್ಟಿಗೆ, ಅದರ ಹೊಟ್ಟೆಯಲ್ಲೊಂದು ಸ್ಪೀಕರು, ಮೈಕು ನಿಲ್ಲಿಸುವ ಕಂಬಗಳು, ಸಿಂಬೆ ಸುತ್ತಿದ ವೈರುಗಳು, ಕಾಲಿನಲ್ಲಿ ಒತ್ತುವ ಪೆಡಲು ಎಂಬ ತಗಡಿನ ಡಬ್ಬಿಗಳು. ಒಂದು ಡಬ್ಬಿ ಸದ್ದನ್ನು ನಡುಗಿಸುತ್ತದೆ. ಇನ್ನೊಂದು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತದೆ. (ಅದಕ್ಕೆ ಡಬ್ಬಿ ಯಾಕೆ, ಅತ್ತೆ ಇದ್ದಾರಲ್ಲ ಎಂದು ಸೊಸೆ ಒಮ್ಮೆ ಅಂದಳು. ಕೇಳಿಸದವಳಂತೆ ಇದ್ದುಬಿಟ್ಟೆ.)

ಈ ದಂಡು ಬೀಡುಬಿಟ್ಟದ್ದು ನನ್ನ ಕೋಣೆಯಲ್ಲಿ. ಯಜಮಾನರೂ ನಾನೂ ಅದೇ ಕೋಣೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟಿ ಸಂಸಾರ ಸಾಗಿಸಿದೆವು. ಅವರು ಹೋದ ಮೇಲೂ ಬಂದಷ್ಟು ಕೆಲಸವನ್ನು ಒಬ್ಬಳೇ ಮಾಡಿಕೊಂಡಿದ್ದೆ. ಈಗ ರಟ್ಟು ಕೊಯ್ಯುವ ಮೇಜಿನ ಮೇಲೆ ಪೆಡಲು, ಮಂಚದ ಕೆಳಗೆ ವೈರು, ಕಿಟಕಿಗೆ ಅಡ್ಡವಾಗಿ ಆಂಪ್. ಬೆಳಕು ಬೇಕೆಂದರೆ ಅದರ ಅಪ್ಪಣೆ ಪಡೆಯಬೇಕು.

"ಇದೆಲ್ಲ ಯಾವ ಸಂಗೀತಕ್ಕೋ?" ಎಂದು ಕೇಳಿದ್ದೆ.

"ಪೋಸ್ಟ್-ಪಂಕ್ ಅಂತಾರಮ್ಮ. ಪಂಕ್ ಅಂತ ಒಂದಿತ್ತು. ಅದು ಮುಗಿದ ಮೇಲೆ ಬಂದಿದ್ದು."

"ಮುಗೀತಲ್ಲ, ಮತ್ತೇನು? ಎಲ್ಲ ಎತ್ತಿಟ್ಟು ಕೈ ತೊಳ್ಕೊಬಾರದಾ?"

ಮಗ ನಡುಗಿಸುವ ಡಬ್ಬಿಯನ್ನು ಒತ್ತಿದ. ಅದೇ ಉತ್ತರ.

ಅಷ್ಟರಲ್ಲಿ ಶುಭಸಮಾಚಾರ ಬಂತು. ರೆಕಾರ್ಡಿಂಗ್ ಸ್ಟುಡಿಯೋದವರೊಬ್ಬರು ಭಾನುವಾರ ಮನೆಗೆ ಬಂದು ಮಗನ ಗಿಟಾರು ಕೇಳುತ್ತಾರಂತೆ. ಮೆಚ್ಚಿದರೆ ಹಾಡುಗಳನ್ನೆಲ್ಲ ಅವರ ಸ್ಟುಡಿಯೋದಲ್ಲೇ ಮುದ್ರಿಸುವುದು; ಸಾಮಾನೂ ಅಲ್ಲಿಗೇ ಹೋಗಿ ಅಲ್ಲೇ ಇರುತ್ತದೆ. ಮಗನಿಗೆ ಕೀರ್ತಿ, ನನಗೆ ಕೋಣೆ. ಮಗ ಗೆಲ್ಲಲಿ ಎಂದು ಯಾವ ತಾಯಿಯೂ ಅಷ್ಟು ಮನಸಾರೆ ಹಾರೈಸಿರಲಾರಳು.

ಬರುವವರ ಕಣ್ಣಿಗೆ ಧೂಳು ಬೀಳಬಾರದೆಂದು, ಶನಿವಾರ ಸಂಜೆ ಮಗ ಹೊರಗೆ ಹೋಗಿದ್ದಾಗ ಆಂಪನ್ನು ಒರೆಸಲು ಕೂತೆ. ಅದರ ಹಿಂಬದಿ ತೆರೆದಿತ್ತು. ಒಳಗೆ ಕಪ್ಪು ಕಾಗದದ ಒಂದು ಬೋಗುಣಿ. ಸದ್ದು ಹೊರಡುವುದು ಅದರಿಂದಲೇ ಎಂದು ಮಗನೇ ಹಿಂದೆ ಹೇಳಿದ್ದ. ಆ ಬೋಗುಣಿಯ ತುಂಬ ಸೀಳು! ಇಲಿ ಕಡಿದದ್ದಲ್ಲ, ಇಲಿ ಅಷ್ಟು ನೇರವಾಗಿ ಕಡಿಯುವುದಿಲ್ಲ. ಇದು ಬ್ಲೇಡು. ಮಗ ನುಡಿಸುವ ತಂಡದಲ್ಲೇ ಅವನಿಗೆ ಯಾರೋ ಹಿತಶತ್ರುಗಳಿದ್ದಾರೆ ಎಂದು ತೀರ್ಮಾನಿಸಿದೆ. ಹೇಳಿದರೆ ಜಗಳಕ್ಕೆ ಹೋಗುತ್ತಾನೆ. ಸದ್ದಿಲ್ಲದೆ ಸರಿಮಾಡಿದರೆ ಎಲ್ಲರಿಗೂ ಕ್ಷೇಮ.

ಹಿಟ್ಟಿನ ಅಂಟು ಕಾಯಿಸಿ ಸೋಸಿದೆ. ತೆಳು ಕಾಗದವನ್ನು ಕೈಯಲ್ಲೇ ಹರಿದೆ. (ಕತ್ತರಿಸಿದ ಅಂಚು ಎದ್ದು ಕಾಣುತ್ತದೆ, ಹರಿದ ಅಂಚು ಬೆರೆತುಹೋಗುತ್ತದೆ.) ಒಂದೊಂದೇ ಸೀಳಿಗೆ ತೇಪೆ ಹಾಕಿ ಬೆರಳಿನಿಂದ ತೀಡಿದೆ. ಒಂದೇ ಕೊರತೆ. ರಟ್ಟಾದರೆ ಒಣಗುವವರೆಗೆ ಮೇಲೆ ಭಾರ ಹೇರಬಹುದು. ಬೋಗುಣಿಯ ಹೊಟ್ಟೆಗೆ ಏನು ಹೇರುವುದು?

ಭಾನುವಾರ ಸ್ಟುಡಿಯೋದವರು ಬಂದರು. ಮೆಲ್ಲಗೆ ಮಾತಾಡುವ ಮನುಷ್ಯ. ಮಗ ಗಿಟಾರಿನ ತಂತಿ ಮೀಟಿದ. ಆಂಪಿನಿಂದ ಎಳೆ ಮಗು ಆಕಳಿಸಿದಷ್ಟು ನಯವಾದ ಸ್ವರ ಹೊರಟಿತು. ಮಗ ಇನ್ನೊಮ್ಮೆ ಮೀಟಿದ. ಆಂಪಿನ ಹಿಂದಕ್ಕೆ ಬಗ್ಗಿ ನೋಡಿ ಅಲ್ಲೇ ನೆಲಕ್ಕೆ ಕುಸಿದ.

"ಅಮ್ಮಾ! ಇದಕ್ಕೆ ಯಾರು ಕೈ ಹಾಕಿದ್ದು?"

"ನಾನೇ ಕಣೋ. ಯಾವನೋ ದ್ರೋಹಿ ಬ್ಲೇಡು ಹಾಕಿದ್ದ."

"ಆ ದ್ರೋಹಿ ನಾನೇ! ಹರಿದ್ರೇನೇ ಆ ಕರಕರ ಸದ್ದು ಬರೋದು!"

"ನಿನ್ನ ಸಾಮಾನಿಗೆ ನೀನೇ ಬ್ಲೇಡ್ ಹಾಕ್ತೀಯ ಅಂತ ನಂಗೇನು ಕನಸು ಬಿದ್ದಿತ್ತಾ?"

ಸೊಸೆ ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದಳು. ಸ್ಟುಡಿಯೋದವರು ಮಾತ್ರ ಸ್ಪೀಕರಿಗೆ ಕಿವಿಗೊಟ್ಟು ಕೂತಿದ್ದರು. "ಇನ್ನೊಂದ್ಸಲ ನುಡಿಸಿ. ಸ್ವಲ್ಪ ಜೋರಾಗಿ" ಎಂದರು. ಮಗ ಸಿಟ್ಟೆಲ್ಲ ತಂತಿಯ ಮೇಲೆ ತೀರಿಸಿಕೊಂಡ. ನಯವಾಗಿ ಹೊರಟ ಸ್ವರ ಕೊನೆಯಲ್ಲಿ 'ಝರ್‍ರ್' ಎಂದಿತು. ನನ್ನ ಕಿವಿ ಬಿಸಿಯಾಯಿತು. ಒಂದು ತೇಪೆಯ ಮೂಲೆ ಎದ್ದಿದೆ! ನಾನು ಅಂಟಿಸಿದ್ದರ ಮೂಲೆ ಜನ್ಮದಲ್ಲಿ ಎದ್ದಿರಲಿಲ್ಲ.

"ಒಂದ್ನಿಮಿಷ ತಾಳಿ, ಒತ್ತಿಬಿಡ್ತೀನಿ" ಎಂದು ಬೆರಳು ಚಾಚಿದೆ.

"ಮುಟ್ಟಬೇಡಿ!" ಎಂದು ಅಷ್ಟು ಹೊತ್ತು ಮೆಲ್ಲಗೆ ಮಾತಾಡುತ್ತಿದ್ದವರು ಕಿರುಚಿದರು. "ಹರಿದ ಸ್ಪೀಕರು ಬೇಕಾದಷ್ಟು ಕೇಳಿದೀನಿ, ಎಲ್ಲ ಒಂದೇ ಥರ ಅರಚುತ್ತೆ. ಇದು ನೋಡಿ, ಮೊದಲು ನಯವಾಗಿ ಮಾತಾಡಿಸಿ ಆಮೇಲೆ ಹಲ್ಲು ಕಡಿಯುತ್ತೆ."

"ನಮ್ಮ ಮನೇಲಿ ಅದೇನು ಹೊಸದಲ್ಲ ಸಾರ್" ಎಂದಳು ಸೊಸೆ.

ಹಾಡುಗಳನ್ನು ಮುದ್ರಿಸಲು ಅವರು ಅಲ್ಲೇ ಒಪ್ಪಿದರು. ಮಗ ನನ್ನ ಕಾಲಿಗೆ ಬಿದ್ದ. ನಾನು ತಡಮಾಡದೆ ಕೇಳಿದೆ, "ಹಾಗಾದ್ರೆ ಸಾಮಾನು ಸಾಗಿಸೋ ಗಾಡಿ ಯಾವಾಗ ಬರುತ್ತೆ?"

"ಗಾಡಿನಾ?" ಎಂದರು ಸ್ಟುಡಿಯೋದವರು. "ಅಲುಗಿಸಿದ್ರೆ ಆ ಮೂಲೆ ಕಿತ್ತು ಬರುತ್ತಲ್ಲಮ್ಮ! ಇದು ಇದ್ದಲ್ಲೇ ಇರಲಿ. ನನ್ನ ಸ್ಟುಡಿಯೋ ಸಾಮಾನನ್ನೇ ಇಲ್ಲಿಗೆ ತರಿಸ್ತೀನಿ."

ಗಾಡಿ ಬಂತು. ತುಂಬಿಕೊಂಡು ಬಂತು, ಖಾಲಿ ಹೋಯಿತು. ನನ್ನ ಮಂಚ ನಡುಮನೆಗೆ ವರ್ಗವಾಯಿತು. ಮುದ್ರಣ ನಡೆಯುವಾಗ ಕೆಮ್ಮು ಬಂದರೆ ಬೀದಿಗೆ ಹೋಗಿ ಕೆಮ್ಮಿ ಬರಬೇಕು.

ನಾನು ಸುಮ್ಮನೆ ಕೂರಲಿಲ್ಲ. ಅಂಥದ್ದೇ ತೇಪೆ ಹಾಕುವುದು ರೂಢಿಯಾದರೆ ಸ್ಟುಡಿಯೋದಲ್ಲೇ ಒಂದು ಸ್ಪೀಕರಿಗೆ ಹಾಕಿಕೊಟ್ಟು ಬರಬಹುದಲ್ಲ ಎಂದು ಹಟ ಹಿಡಿದೆ. ಮಗ ಒಂದು ಹಳೇ ಸ್ಪೀಕರು ಸೀಳಿಕೊಟ್ಟ. ಅಂಟಿಸಿದೆ. ಕಲ್ಲಿನಂತೆ ಕೂತಿತು. ಕಿತ್ತು, ಅಂಟಿಗೆ ನೀರು ಬೆರೆಸಿ ಅಂಟಿಸಿದೆ. ಕೂತಿತು. ಎಡಗೈಯಲ್ಲಿ, ಕಣ್ಣು ಮುಚ್ಚಿಕೊಂಡು ಅಂಟಿಸಿದೆ. ಇನ್ನೂ ಚೆನ್ನಾಗಿ ಕೂತಿತು.

"ಸ್ವಲ್ಪ ಕೆಟ್ಟದಾಗಿ ಅಂಟಿಸೋಕೆ ನಿಂಗೇನಮ್ಮ ಕಷ್ಟ?"

"ಅದನ್ನ ಯಾರೂ ಕಲಿಸಿಲ್ಲವಲ್ಲೋ."

ಛಲ ಬಿಡದೆ ನಡುಮನೆಯಲ್ಲಿ ದಿನವೂ ಕೆಟ್ಟ ಕೆಲಸದ ಅಭ್ಯಾಸಕ್ಕೆ ಕೂತೆ. ಮೊನ್ನೆ ಕೊನೆಗೂ ಕೈ ಸೋತು, ಒಂದು ಮೂಲೆ ತಾನಾಗಿ ಎದ್ದಿತು. ಕೂಗಿ ಕರೆದೆ. ಮಗ ಅಲ್ಲಿಗೇ ವೈರು ಎಳೆದು ತಂದು ನುಡಿಸಿದ. 'ಝರ್‍ರ್' ಎಂದಿತು. ಕೋಣೆಯಿಂದ ಓಡಿ ಬಂದ ಸ್ಟುಡಿಯೋದವರು ಕಣ್ಣು ಮುಚ್ಚಿ ಕೇಳಿದರು.

"ಅದ್ಭುತ! ಮೊದಲನೇದಕ್ಕಿಂತ ಚೆನ್ನಾಗಿದೆ. ಎರಡನ್ನೂ ಒಟ್ಟಿಗೇ ನುಡಿಸೋಣ. ಇದನ್ನೂ ಯಾರೂ ಅಲುಗಿಸಬೇಡಿ."

ಹೀಗೆ ನಡುಮನೆಯೂ ಹೋಯಿತು. ಸದ್ಯಕ್ಕೆ ನನ್ನ ಬಿಡಾರ ಅಡುಗೆಮನೆಯಲ್ಲಿ. ಹಾಸಿಗೆ ಬಿಚ್ಚುವ ಮೊದಲೇ ಸೊಸೆ ಬಂದು ನನ್ನ ಕೈಯಿಂದ ಅಂಟಿನ ಬಟ್ಟಲು ಕಿತ್ತುಕೊಂಡಳು.

"ಕೈ ಮುಗೀತೀನಿ ಅತ್ತೆ. ಇಲ್ಲಿ ಮಾತ್ರ ಏನನ್ನೂ ಅಂಟಿಸಬೇಡಿ."