ಕಂಬಳಿಯ ಮೇಲೊಂದು ಒಂಟಿ ಸೀನು

ಮನುಷ್ಯನಿಗೆ ಯಾವುದಾದರೂ ಒಂದು ಆಗಿಬರದಿರುವುದು ಸಹಜ. ಕೆಲವರಿಗೆ ಬದನೆಕಾಯಿ ಆಗದು, ಕೆಲವರಿಗೆ ಷಡ್ಡಕ ಆಗದು. ಬದನೆಕಾಯಿ ಆಗದವನು ಪುಂಡಿಪಲ್ಯೆ ತಿಂದು ಏಳಬಹುದು. ಷಡ್ಡಕ ಆಗದವನು ಆತ ಬರುವ ದಿನ ಲಾತೂರಿನಲ್ಲಿ ಕೆಲಸ ಹುಟ್ಟಿಸಿಕೊಳ್ಳಬಹುದು. ಆದರೆ ದಾಳಿಂಬವೆಂಬ ಊರಿನಲ್ಲಿ ಕುರಿಗಾರರ ಮನೆಯಲ್ಲಿ ಹುಟ್ಟಿ, ಕುಲದೇವರು ಬೀರಪ್ಪನ ಒಕ್ಕಲಾಗಿ, ಕಂಬಳಿಯ ಮೇಲೆಯೇ ಮಲಗಿ ಬೆಳೆದ ನನ್ನಂಥವನಿಗೆ ಕುರಿಯ ಉಣ್ಣೆಯೇ ಆಗದಿದ್ದರೆ ಎಲ್ಲಿಗೆ ಹೋಗಬೇಕು ಹೇಳಿ! ಕಂಬಳಿ ಮೂರು ಮೊಳ ದೂರದಲ್ಲಿದ್ದರೂ ಸಾಕು, ನನ್ನ ಮೂಗು ತುರಿಸುತ್ತದೆ, ಕಣ್ಣು ಕೆಂಪಾಗುತ್ತದೆ, ಆಮೇಲೆ ಸೀನು ಶುರುವಾದರೆ ಮನೆಯ ಪಾತ್ರೆಗಳೆಲ್ಲ ಸದ್ದು ಮಾಡುತ್ತವೆ. ಈ ಗುಟ್ಟು ನನ್ನ ಹೆಂಡತಿ ಕಮಲಾಳಿಗೆ ಮಾತ್ರ ಗೊತ್ತು. ಅವಳಿಗೂ ನಾನಾಗಿ ಹೇಳಿದ್ದಲ್ಲ, ಮದುವೆಯಾದ ಮೊದಲ ಚಳಿಗಾಲದಲ್ಲಿ ಅವಳೇ ಕಂಡುಹಿಡಿದಳು. ಉಳಿದವರ ಮುಂದೆ ಇಷ್ಟು ವರ್ಷ ನನಗೆ ಸದಾ ನೆಗಡಿ.

ಚಿಕ್ಕಂದಿನಲ್ಲಿ ನಾನು ಕುರಿದಡ್ಡಿಗೆ ಕಾಲಿಟ್ಟರೆ ಸೀನುತ್ತಿದ್ದೆ. ಅಜ್ಜಿ ಅದನ್ನು ದೃಷ್ಟಿ ಎಂದಳು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮನೆ ಮಂದಿಯೆಲ್ಲ ಸೀನಿದರು, ಅಜ್ಜಿಯೂ ಸೀನಿದಳು. "ನೋಡ್ರಿ, ದೃಷ್ಟಿ ಹ್ಯಾಂಗ ಹಾರಿ ಹೊಂಟದ!" ಎಂದು ಸಂತೋಷಪಟ್ಟಳು. ಮರುದಿನ ನಾನು ಮತ್ತೆ ದಡ್ಡಿಗೆ ಹೋದೆ, ಮತ್ತೆ ಸೀನಿದೆ. ಅಪ್ಪ ಒಂದು ವರ್ಷ ನೋಡಿದ. ಕೊನೆಗೆ, "ಈ ಪೋರಗ ಕುರಿ ಸೇರಂಗಿಲ್ಲ, ಕುರಿಗೂ ಇಂವಾ ಸೇರಂಗಿಲ್ಲ. ಇವನ ಸೀನಿಗೆ ಮರಿ ಬೆದರ್ಲಿಕತ್ತಾವ. ಸಾಲಿಗರೆ ಹೋಗ್ಲಿ" ಎಂದ. ಶಾಲೆ ಸೇರಿದ ಮೇಲೂ ಉಳಿದ ಸೀನನ್ನು ಮನೆಯವರು ನೆಗಡಿ ಎಂದೇ ನಂಬಿದರು. ಬುದ್ಧಿಯ ಬಲದಿಂದ ಶಾಲೆಗೆ ಹೋದವರನ್ನು ನೀವು ನೋಡಿರುತ್ತೀರಿ. ಸೀನಿನ ಬಲದಿಂದ ಹೋದವನು ನಾನೊಬ್ಬನೇ ಇರಬೇಕು.

ಹಾಗೆ ಹೋದವನು ಉಮರ್ಗಾದ ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರದ ಮಾಸ್ತರನಾದೆ. ಅಲ್ಲಿ ನನ್ನ ಮೂಗಿನ ಮರ್ಮ ನನಗೇ ತಿಳಿಯಿತು. ಕುರಿಯ ಮೈಯಿಂದ ಉದುರುವ ಹೊಟ್ಟಿನಲ್ಲಿ ಒಂದಿಷ್ಟು ಪ್ರೋಟೀನು ಇರುತ್ತದೆ. ಪಾಪದ ಪ್ರೋಟೀನು, ಯಾರಿಗೂ ಕೆಟ್ಟದ್ದು ಬಯಸಿದ್ದಲ್ಲ. ಆದರೆ ನನ್ನ ದೇಹ ಎಂದೋ ಅದನ್ನು ಶತ್ರುವೆಂದು ತಪ್ಪು ತಿಳಿದು, ಅದನ್ನು ಗುರುತು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸಿಟ್ಟುಕೊಂಡಿದೆ. ಆ ಪ್ರತಿಕಾಯಗಳೂ ಪ್ರೋಟೀನುಗಳೇ. ಮೂಗಿನ ಒಳಗೋಡೆಯಲ್ಲಿರುವ ಮಾಸ್ಟ್ ಕೋಶಗಳ ಮೈಮೇಲೆ ಅವು ಕೈ ಚಾಚಿ ಕುಳಿತಿರುತ್ತವೆ. ಕುರಿಯ ಪ್ರೋಟೀನು ಬಂದು ಅಕ್ಕಪಕ್ಕದ ಎರಡು ಕೈಗಳನ್ನು ಒಟ್ಟಿಗೆ ಹಿಡಿಯಿತೋ, ಆಯಿತು, ಕೋಶದ ಒಳಗೆ ಸುದ್ದಿ ಹೋಗುತ್ತದೆ. ಒಂದು ಪ್ರೋಟೀನು ಇನ್ನೊಂದನ್ನು ಎಬ್ಬಿಸುತ್ತದೆ, ಅದು ನಾಲ್ಕನ್ನು, ನಾಲ್ಕು ನಲವತ್ತನ್ನು. ಇದು ಹೇಗೆಂದು ತಿಳಿಯಬೇಕಾದರೆ ವಲಾಂಡಿಯಲ್ಲಿರುವ ನನ್ನೊಡಹುಟ್ಟಿದ ಶಾಂತಕ್ಕನ ಕಿವಿಗೆ ಒಂದು ಸುದ್ದಿ ಹಾಕಿ ನೋಡಬೇಕು. "ಯಾರಿಗೂ ಹೇಳಬ್ಯಾಡ ಮತ್ತ" ಎಂದು ಅವಳು ಇಬ್ಬರಿಗೆ ಫೋನು ಮಾಡುತ್ತಾಳೆ. ಮಧ್ಯಾಹ್ನದೊಳಗೆ ನಿಲಂಗಾ, ಉದಗೀರದ ಬೀಗರೆಲ್ಲ ಅದನ್ನು ನನಗೇ ತಿರುಗಿ ಹೇಳುತ್ತಾರೆ. ಕೋಶದೊಳಗೂ ಇದೇ ನಡೆಯುತ್ತದೆ. ಕೊನೆಗೆ ಕೋಶ ತನ್ನ ಚೀಲಗಳನ್ನು ಬಿಚ್ಚಿ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಗೆ ಸುರಿಯುತ್ತದೆ. ಅದು ನರಗಳ ಮೇಲಿರುವ ತನ್ನ ಸೀಟಿನಲ್ಲಿ ಹೋಗಿ ಕುಳಿತ ಕೂಡಲೇ, ಅಕ್ಷೀ! ವಿಜ್ಞಾನಿಗಳು ಆ ಸೀಟನ್ನು ಗ್ರಾಹಿ ಎನ್ನುತ್ತಾರೆ, ಅದೂ ಒಂದು ಪ್ರೋಟೀನೇ.

ಇದಕ್ಕೆ ಕೊಡುವ ಗುಳಿಗೆಯ ಕೆಲಸವನ್ನು ನಾನು ಮಕ್ಕಳಿಗೆ ಸರಕಾರಿ ಎಸ್.ಟಿ. ಬಸ್ಸಿನ ಮೂಲಕ ಹೇಳುತ್ತೇನೆ. ಉಮರ್ಗಾದ ಸ್ಟ್ಯಾಂಡಿಗೆ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುತ್ತಾರಲ್ಲ, ಗುಳಿಗೆ ಅಂಥ ಟವೆಲ್. ಹಿಸ್ಟಮಿನ್ ಓಡಿ ಬರುತ್ತದೆ, ಟವೆಲ್ ನೋಡುತ್ತದೆ, ಗೊಣಗುತ್ತ ನಿಂತುಕೊಳ್ಳುತ್ತದೆ. ಮಕ್ಕಳು ಕೂಡಲೇ ಬರೆದುಕೊಳ್ಳುತ್ತಾರೆ. ಒಮ್ಮೆ ಒಬ್ಬ ಹುಡುಗಿ ಎದ್ದು ಮರಾಠಿಯಲ್ಲಿ, "ಸರ್, ನಿಮಗೆ ಯಾವುದರ ಅಲರ್ಜಿ?" ಎಂದು ಕೇಳಿಯೇಬಿಟ್ಟಳು. "ಪ್ರಶ್ನೆ ಪಾಠಕ್ಕೆ ಸಂಬಂಧಪಟ್ಟಿದ್ದಲ್ಲ" ಎಂದು ಕೂರಿಸಿದೆ. ಅಷ್ಟು ಸಂಬಂಧಪಟ್ಟ ಪ್ರಶ್ನೆಯನ್ನು ಆ ವರ್ಷ ಇನ್ನಾರೂ ಕೇಳಲಿಲ್ಲ.

ಹೀಗೆ ನನ್ನ ಗುಟ್ಟು ಕಾಪಾಡಿಕೊಂಡು ನೆಮ್ಮದಿಯಿಂದ ಇದ್ದಾಗ ಶಾಂತಕ್ಕನ ಫೋನು ಬಂತು. "ತಮ್ಮಾ, ನಮ್ಮ ರೇಣುಕಾಂದು ಲಗ್ನ ಜಮಾಸ್ತು! ಸಾಸ್ತೂರದ ಮಂದಿ. ಐತವಾರ ಸಾಖರಪುಡಾ. ಸ್ವಾದರಮಾವ ನೀನೇ, ಕಂಬಳಿ ಮ್ಯಾಲ ನೀನೇ ಕುಂದ್ರಬೇಕು." ಸಾಖರಪುಡಾ ಎಂದರೆ ನಮ್ಮ ಕಡೆಯ ನಿಶ್ಚಿತಾರ್ಥ. ಗಂಡಿನ ಕಡೆಯ ಹಿರಿಯ ಸಕ್ಕರೆಯ ಪೊಟ್ಟಣವನ್ನು ಹೆಣ್ಣಿನ ಸೋದರಮಾವನ ಕೈಗಿಟ್ಟರೆ ಮಾತು ಮುಗಿದಂತೆ. ನಮ್ಮ ಮನೆತನದಲ್ಲಿ ಆ ಮಾವ ಬೀರಪ್ಪನ ಎದುರು ಕಂಬಳಿ ಹಾಸಿ ಅದರ ಮೇಲೆಯೇ ಕೂರಬೇಕು. ಕುರ್ಚಿಯ ಮೇಲೆ ಕೂತು ಕೊಟ್ಟ ಮಾತು ಮಾತೇ ಅಲ್ಲ.

"ಆತಕ್ಕಾ, ಬರ್ತೀನಿ" ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಕ್ಕ ದನಿ ತಗ್ಗಿಸಿದಳು. "ಒಂದ ಮಾತು. ಹುಡುಗನ ಅಜ್ಜ ಇದ್ದಾನಲ್ಲ, ಧೂಳಪ್ಪ ಮುತ್ಯಾ, ಅಂವಾ ಭಾಳ ಶಕುನದ ಮನಷ್ಯಾ. ಹ್ವಾದ ವರ್ಷ ಇನ್ನೊಂದು ಕಡೆ ಹೆಣ್ಣು ನೋಡ್ಲಿಕ್ಕ ಹೋದಾಗ ಅಲ್ಲಿ ಯಾರೋ ಒಂಟಿ ಸೀನು ಸೀನ್ಯಾರ. ಮುತ್ಯಾ ಅಗದಿ ಚಾ ಸುದ್ದಾ ಕುಡೀಲಾರ್ದ ಎದ್ದು ಬಂದಾನ ನೋಡು." ನನ್ನ ಕೈಯೊಳಗಿನ ಫೋನು ಬೆವರಿತು. ಜೋಡಿ ಸೀನು ಶುಭ, ಒಂಟಿ ಸೀನು ಅಪಶಕುನ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ನನ್ನ ಸೀನುಗಳು ಜೋಡಿ ನೋಡಿಕೊಂಡು ಬರುವಂಥವಲ್ಲ.

ರೇಣುಕಾ ನನ್ನ ಕೈಯಲ್ಲೇ ಕಲಿತವಳು, ಈಗ ನಿಲಂಗಾದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಾಳೆ. ಹುಡುಗ ಬೀರೇಶ ಉದಗೀರದಲ್ಲಿ ಬೀಜದ ಅಂಗಡಿ ಇಟ್ಟವನು. ಅವನು ಅವಳಲ್ಲಿಗೆ ನಾಲ್ಕು ಸಲ ರಕ್ತ ಕೊಡಲು ಬಂದನಂತೆ, ಹಾಗೆ ಪರಿಚಯ. "ಏನ್ ಕಾಯಿಲಿನವ್ವಾ ಅವಗ, ನಾಲ್ಕು ಸಲ?" ಎಂದು ನಾನು ಗಾಬರಿಯಿಂದ ಕೇಳಿದ್ದಕ್ಕೆ, "ಪೇಶಂಟನ ಗುಟ್ಟು ನಾ ಹೇಳಂಗಿಲ್ಲ ಮಾಮಾ. ನೀವೇ ಕಲಿಸೀರಿ. ಆದ್ರ ಹೆದ್ರುವಂಥಾದು ಏನಿಲ್ಲ" ಎಂದಳು. ಆಮೇಲೆ, "ಮಾಮಾ, ನಂಗ ಅಂವಾ ಭಾಳ ಸೇರ್ಯಾನ. ಮುತ್ಯಾ ಒಬ್ಬಾಂವ ಹೂಂ ಅಂದ್ರ ಸಾಕು" ಎಂದಳು. ಅವಳು ಹಾಗೆ ಬಾಯಿಬಿಟ್ಟು ಏನನ್ನೂ ಕೇಳುವ ಹುಡುಗಿಯಲ್ಲ. ಅಕ್ಕನ ಮಗಳ ಬಾಳು ನನ್ನ ಮೂಗಿನ ತುದಿಯಲ್ಲಿ ಬಂದು ನಿಂತಿತ್ತು.

ಉಪಾಯವೇನೋ ಇತ್ತು. ಈಗೀಗ ನಿದ್ದೆ ಬರಿಸದ ಹೊಸ ಗುಳಿಗೆಗಳು ಬಂದಿವೆ. ಒಂದು ಪಟ್ಟಿ ತಂದು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಭಾನುವಾರ ಬೆಳಿಗ್ಗೆ ಕಮಲಾ, "ಸಾಖರಪುಡಾಕ್ಕ ಈ ಅಂಗೀನಾ? ಮಾವ ಅದೀರೋ, ಬಾಂಡೆ ಸಾಮಾನು ಮಾರಾಂವ ಅದೀರೋ?" ಎಂದು ಅಂಗಿ ಬದಲಾಯಿಸಿದಳು. ಗುಳಿಗೆ ಹಳೆಯ ಅಂಗಿಯ ಜೊತೆ ಉಮರ್ಗಾದಲ್ಲೇ ಉಳಿಯಿತು. ನಿಲಂಗಾ ದಾಟಿದ ಮೇಲೆ ಜೇಬಿಗೆ ಕೈಹಾಕಿದಾಗ ನನಗಾದ ಎದೆಗುದಿ ಹೇಳತೀರದು. ವಲಾಂಡಿಯಲ್ಲಿ ಇಳಿದವನೇ ಮೆಡಿಕಲ್ ಅಂಗಡಿಗೆ ಓಡಿದೆ. ಅಲ್ಲಿದ್ದದ್ದು ಹಳೆಯ ಕಾಲದ ಗುಳಿಗೆ ಮಾತ್ರ. ಒಂದು ಸಾಕಾಗಿತ್ತು, ಭಯಕ್ಕೆ ಎರಡು ನುಂಗಿದೆ. ಹಳೆಯ ಗುಳಿಗೆ ಮೂಗಿನಲ್ಲಷ್ಟೇ ನಿಲ್ಲುವುದಿಲ್ಲ, ಮಿದುಳಿಗೂ ಹೋಗುತ್ತದೆ. ಅಲ್ಲಿ ನಮ್ಮನ್ನು ಎಚ್ಚರವಾಗಿಡುವ ಕೆಲಸ ಮಾಡುವುದೂ ಅದೇ ಹಿಸ್ಟಮಿನ್, ಗುಳಿಗೆ ಆ ಸೀಟಿನ ಮೇಲೂ ಟವೆಲ್ ಎಸೆಯುತ್ತದೆ. ಇದನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ, ಪರೀಕ್ಷೆಯಲ್ಲೂ ಕೇಳುತ್ತೇನೆ. ಬರೆಯದವರ ಅಂಕ ಕತ್ತರಿಸುತ್ತೇನೆ.

ಕಂಬಳಿಯ ಮೇಲೆ ಕುಳಿತಾಗ ಮೂಗು ತೆಪ್ಪಗಿತ್ತು. ಎದುರಿಗೆ ಧೂಳಪ್ಪ ಮುತ್ಯಾ, ಹಣೆಯ ತುಂಬ ಅರಿಸಿನದ ಭಂಡಾರ, ಕೈಯಲ್ಲಿ ಸಕ್ಕರೆಯ ಪೊಟ್ಟಣ. ಅವನ ಪಕ್ಕದಲ್ಲಿ ಬೀರೇಶ. ಮುತ್ಯಾ ಮಾತು ಶುರುಮಾಡಿದ. "ಮಾಸ್ತರ್ರ, ನಮ್ಮ ಮನಿತನದ ಪದ್ಧತಿ ಹಿಂಗದ ನೋಡ್ರಿ..." ಎಂದದ್ದು ಕೇಳಿಸಿತು. ಆಮೇಲೆ ಅವನ ದನಿ ದೂರದ ಹೊಲದಿಂದ ಬರುವಂತಾಯಿತು. ನನ್ನ ತಲೆ ಮೆಲ್ಲಗೆ ಮುಂದಕ್ಕೆ ಬಿತ್ತು. ಎತ್ತಿದೆ. ಮತ್ತೆ ಬಿತ್ತು. "ಹಾಂ, ಮಾಸ್ತರ್ರು ಒಪ್ಪಿದ್ರು!" ಎಂದು ಯಾರೋ ಸಂತೋಷದಿಂದ ಅಂದರು. ಏನಕ್ಕೆ ಒಪ್ಪಿದೆನೋ ಕೇಳುವ ಶಕ್ತಿ ಇರಲಿಲ್ಲ. ಮುತ್ಯಾ ಇನ್ನೇನೋ ಹೇಳಿದ, ತಲೆ ಇನ್ನೊಮ್ಮೆ ಬಿತ್ತು. ಹೀಗೆ ಒಳ್ಳೆಯ ರೀತಿಯಲ್ಲಿ ಮಾತುಕತೆ ಮುಂದುವರಿಯುತ್ತಿತ್ತು.

ಎಚ್ಚರವಾದದ್ದು ಬೆನ್ನಿನ ಮೇಲೆ ಭಾರ ಬಿದ್ದಾಗ. ಗಂಡಿನ ಕಡೆಯವರು ಗೌರವವೆಂದು ಒಂದು ಹೊಸ ಕಂಬಳಿ ತಂದು ನನ್ನ ಹೆಗಲಿಗೆ ಹೊದಿಸಿದ್ದರು. ಆಗಷ್ಟೇ ನೇಯ್ದದ್ದು, ಕುರಿಯ ವಾಸನೆ ಇನ್ನೂ ಆರಿರಲಿಲ್ಲ, ಅಂಚು ನೇರ ಮೂಗಿಗೆ ತಾಗಿತು. ಎರಡು ಟವೆಲ್‌ಗಳನ್ನೂ ಕಿತ್ತೆಸೆದು ಒಂದು ಹಿಸ್ಟಮಿನ್ ಸೀಟು ಹಿಡಿಯಿತು. ಅದೇ ಗಳಿಗೆಗೆ ಮುತ್ಯಾ ಪೊಟ್ಟಣವನ್ನು ನನ್ನ ಕಡೆ ಚಾಚಿದ್ದ.

"ಅಕ್ಷೀ!"

ಒಂದೇ ಒಂದು. ಗುಳಿಗೆ ತೆಗೆದುಕೊಳ್ಳದಿದ್ದರೆ ಡಜನ್ನುಗಟ್ಟಲೆ ಸೀನುತ್ತಿದ್ದೆ, ಮಾಸ್ತರನಿಗೆ ನೆಗಡಿ ಎಂದು ಎಲ್ಲರೂ ನಕ್ಕು ಬಿಡುತ್ತಿದ್ದರು. ಎರಡು ಗುಳಿಗೆ ನುಂಗಿ, ವಿಜ್ಞಾನವನ್ನೆಲ್ಲ ಖರ್ಚು ಮಾಡಿ, ನಾನು ಅದನ್ನು ಸರಿಯಾಗಿ ಒಂದಕ್ಕೆ ತಂದು ನಿಲ್ಲಿಸಿದ್ದೆ! ಮುತ್ಯಾನ ಕೈ ಗಾಳಿಯಲ್ಲೇ ನಿಂತಿತು. ಬಾಗಿಲ ಮರೆಯಲ್ಲಿ ರೇಣುಕಾಳ ಮುಖ ಬಿಳಿಚಿತು. ಇನ್ನೊಂದು ಸೀನು ಬಾರಪ್ಪಾ ಎಂದು ನಾನು ಬೀರಪ್ಪನನ್ನು ಬೇಡಿಕೊಂಡೆ. ಉಣ್ಣೆಯನ್ನು ಮೂಗಿಗೆ ಒತ್ತಿಕೊಂಡೆ. ಹುಟ್ಟಿದಾಗಿನಿಂದ ಬೇಡವೆಂದರೂ ಬಂದದ್ದು ಆವತ್ತು ಬೇಕೆಂದರೂ ಬರಲಿಲ್ಲ. ಮುತ್ಯಾ ಕೈ ಹಿಂದಕ್ಕೆ ತೆಗೆಯತೊಡಗಿದ.

"ಅಕ್ಷೀ!"

ಬೀರೇಶ. ಟವೆಲ್‌ನಿಂದ ಮೂಗು ಒರೆಸಿಕೊಳ್ಳುತ್ತ, "ಕ್ಷಮಾ ಮಾಡ್ರಿ" ಎಂದ. ಮುತ್ಯಾ ಮೊಮ್ಮಗನನ್ನು ನೋಡಿದ, ನನ್ನನ್ನು ನೋಡಿದ, ಮುಖ ಅರಳಿತು. "ಜೋಡಿ ಸೀನು! ಹೆಣ್ಣಿನ ಕಡಿಂದ ಒಂದು, ಗಂಡಿನ ಕಡಿಂದ ಒಂದು! ಇದರಕಿಂತ ಛೊಲೊ ಶಕುನ ಇನ್ನೇನ್ ಬೇಕ್ರೋ!" ಎಂದು ಪೊಟ್ಟಣವನ್ನು ನನ್ನ ಕೈಗಿಟ್ಟು ಭಂಡಾರ ಎರಚಿದ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಊಟವಾದ ಮೇಲೆ ನಾನು ಹಿತ್ತಲಿನ ನಳದಲ್ಲಿ ಮುಖ ತೊಳೆಯುತ್ತಿದ್ದೆ. ಬೀರೇಶ ಬಂದು ಪಕ್ಕದಲ್ಲಿ ನಿಂತ. "ಮಾವಾರ, ಎರಡು ಗುಳಿಗಿ ತಗೊಂಡೀರಿ ಹೌದಿಲ್ಲೋ? ಕಣ್ಣು ನೋಡಿದ್ರ ತಿಳೀತದ." ನಾನು ನೆಗಡಿ ಎನ್ನಲು ಬಾಯಿ ತೆರೆದೆ. ಅವನು ಜೇಬಿನಿಂದ ಹೊಸ ಗುಳಿಗೆಯ ಪಟ್ಟಿಯೊಂದನ್ನು ತೆಗೆದು ತೋರಿಸಿದ. "ನಂದೂ ಇದೇ ಹಣೆಬರಹ ರೀ. ಉಣ್ಣಿ ಆಗಂಗಿಲ್ಲ. ರೇಣುಕಾನ ಲ್ಯಾಬಿಗೆ ಇದೇ ಪರೀಕ್ಷಾಕ್ಕ ಹೋಗಿದ್ದೆ. ಒಂದ ಸಲಕ್ಕ ಗೊತ್ತಾಗಿತ್ತು. ಮುಂದಿನ ಮೂರು ಸಲ ಸುಮ್ನ ಹ್ವಾದೆ."

"ಹಂಗಾದ್ರ ನಿಂಗೂ ಕಂಬಳಿಗೇ ಸೀನು ಬಂತಾ?" ಎಂದೆ.

"ಎಲ್ಲಿಂದ ಬರಬೇಕ್ರಿ, ನಾ ಮುಂಜಾನೇನೇ ಗುಳಿಗಿ ತಗೊಂಡಿದ್ದೆ. ಮುತ್ಯಾ ಕೈ ತಗೀಲಿಕತ್ತಿದ್ದ. ರೇಣುಕಾನ ಮಾರಿ ನೋಡಿದೆ. ಸೀನಿಬಿಟ್ಟೆ."

ಇಷ್ಟು ವರ್ಷ ಸೀನು ಹುಟ್ಟುವ ದಾರಿಯನ್ನು ಬೋರ್ಡಿನ ಮೇಲೆ ಬಾಣ ಹಾಕಿ ಬರೆದವನು ನಾನು. ಕುರಿಯ ಪ್ರೋಟೀನಿಲ್ಲದೆ, ಮಾಸ್ಟ್ ಕೋಶವಿಲ್ಲದೆ, ಒಂದು ಹನಿ ಹಿಸ್ಟಮಿನ್ ಇಲ್ಲದೆ ಸೀನು ಬರುತ್ತದೆಂದು ಯಾವ ವಿದ್ಯಾರ್ಥಿ ಬರೆದಿದ್ದರೂ ಸೊನ್ನೆ ಕೊಡುತ್ತಿದ್ದೆ. ಹುಡುಗನ ಹೆಗಲು ತಟ್ಟಿದೆ. ನಮ್ಮ ರೇಣುಕಾ ಒಳ್ಳೆಯ ಕೈಗೆ ಬಿದ್ದಳೆಂದು ಮನಸ್ಸು ತುಂಬಿ ಬಂತು. ಒಂದೇ ಚಿಂತೆ, ಇವರಿಗೆ ಹುಟ್ಟುವ ಮಕ್ಕಳ ಮೂಗು. ಒಂದು ಕಡೆ ಅಪ್ಪ, ಇನ್ನೊಂದು ಕಡೆ ಅಜ್ಜನಾಗುವ ನಾನು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಮಲಾಳನ್ನು ಮೆಲ್ಲಗೆ ಕೇಳಿದೆ. "ನಾ ಏನೇನಕ್ಕ ಗೋಣು ಹಾಕೀನಿ?" ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. "ಲಗ್ನದೊಳಗ ಮಾವನ ಕಂಬಳಿ ಮೆರವಣಿಗಿಗೆ ಒಂದ ಸಲ. ದೀಪಾವಳಿಗೆ ಐದು ದಿನ ಅವರ ಕುರಿದಡ್ಡಿಯೊಳಗ ಇದ್ದು ಪೂಜಾ ಮಾಡಸ್ಲಿಕ್ಕ ಮೂರು ಸಲ. ಮುತ್ಯಾನ ಕಣ್ಣಾಗ ನೀರು ಬಂದ್ವು. ಇಷ್ಟು ಕಲ್ತ ಮನಷ್ಯಾ ಹಿರ್ಯಾರ ಮಾತಿಗೆ ಎಷ್ಟು ಬಾಗ್ತಾನ ಅಂದ."

ಐದು ದಿನ ದಡ್ಡಿಯಲ್ಲಿ ನಾನು, ಬೀರೇಶ, ಸುತ್ತ ಕುರಿ, ಎದುರಿಗೆ ಮುತ್ಯಾ. ಗುಳಿಗೆಗೆ ಬೀರೇಶನಿದ್ದಾನೆ, ಅದರ ಚಿಂತೆಯಿಲ್ಲ. ಆದರೆ ಗುಳಿಗೆ ತಪ್ಪಿಸಿಕೊಂಡು ಒಂದು ಸಲ ಅವನೂ ಒಂಟಿ ಸೀನು ಸೀನಿದರೆ ಜೋಡಿ ಕೊಡುವವರು ಯಾರು? ನಾನೇ ಕೊಡಬೇಕಲ್ಲ. ಹೀಗಾಗಿ ಹುಟ್ಟಿದಾಗಿನಿಂದ ಸೀನು ತಡೆಯುವುದರಲ್ಲೇ ಆಯುಷ್ಯ ಕಳೆದ ನಾನು, ಈಗ ದಿನಾ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಸೀನುವುದನ್ನು ಕಲಿಯುತ್ತಿದ್ದೇನೆ. ನಿನ್ನೆ ಒಂದು ಬಹಳ ಚೆನ್ನಾಗಿ ಬಂತು ಎಂದು ಹಿಗ್ಗುತ್ತಿದ್ದಾಗ ಅಡುಗೆಮನೆಯಿಂದ ಕಮಲಾ ಕೂಗಿದಳು.

"ಭಾಳ ಸುಳ್ಳು ಸೀನ್ಲಿಕತ್ತೀರಿ. ಬೇಕಾದ್ರ ಕಂಬಳಿ ತಂದು ಕೊಡ್ಲೇನ್ರಿ?"