ಇರುವೆ ಕಚ್ಚಿದಷ್ಟೇ ನೋವು

ನಿಮ್ಮ ಅಜ್ಜನ ತಂಗಿಗೆ, ಅಂದರೆ ನನ್ನ ನಾದಿನಿಗೆ, ಮನುಷ್ಯರ ಮುಖ ಕಾಣುವುದೇ ಇಲ್ಲ ಮಕ್ಕಳೇ! ಕಾಣುವುದು ಮೊಣಕೈ ಒಳಗಿನ ನರ ಮಾತ್ರ. ಮದುವೆಮನೆಯಲ್ಲಿ ಎಲ್ಲರೂ ಬಳೆ ನೋಡುತ್ತಿದ್ದರೆ ಇವಳು, "ಭಾಳ ಚಲೋ ನರ ಅದ ರೀ ನಿಮ್ದು" ಎನ್ನುತ್ತಾಳೆ. ಹೊಗಳಿಸಿಕೊಂಡವರು ಸೆರಗು ಹೊದ್ದು ಬೇರೆ ಪಂಕ್ತಿಗೆ ಹೋಗಿ ಕೂಡುತ್ತಾರೆ.

ಸಿಕಲ್ ಸೆಲ್ ರೋಗದವರ ರಕ್ತವನ್ನು ಪರೀಕ್ಷಿಸುವುದು ಅವಳ ಕೆಲಸ. ನಾವಿರುವ ನಾಗಪುರದ ಸುತ್ತಿನ ಹಳ್ಳಿಗಳಲ್ಲಿ ಆ ರೋಗ ಬಹಳ. ದುಂಡಗಿರಬೇಕಾದ ಕೆಂಪು ಕಣ ಕುಡುಗೋಲಿನಂತೆ ಬಾಗಿ, ರಕ್ತನಾಳದಲ್ಲಿ ಸಿಕ್ಕಿಕೊಂಡು, ಎಲುಬು ಮುರಿದಂಥ ನೋವು ಕೊಡುತ್ತದಂತೆ. ಹಳ್ಳಿ ಶಾಲೆಯಲ್ಲಷ್ಟೇ ಓದಿದ ಈ ಅತ್ತಿಗೆಗೆ, ಅವಳ ಬಾಯಲ್ಲಿ ವೈನಿಗೆ, ಉಳಿದದ್ದನ್ನು ಅವಳು ಅಡಿಗೆಮನೆಯಲ್ಲೇ ಕಲಿಸಿದಳು.

"ಹೆಚ್ಚಿದ ಬದನಿಕಾಯಿ ಗಾಳಿಗೆ ಕರ್ರಗ ಆಗ್ತದಲ್ಲ ವೈನಿ? ನೀವು ನೀರಾಗ ಹಾಕಿ ಕಾಯ್ತೀರಿ. ಹಂಗ ರಕ್ತ ಕಾಯೋ ಕಿಣ್ವನೂ ಇರ್ತಾವ. ಈ ರೋಗದವ್ರೊಳಗ ಅವು ಎಷ್ಟು ದಣದಾವ, ಅದನ್ನ ನಾ ಅಳೀತೀನಿ."

"ಬರೋಬರ್. ಮೊದಲ ಈ ಬದನಿಕಾಯಿ ಹೆಚ್ಚು!"

ಹೆಚ್ಚಿದಳು. ನೀರಿಗೆ ಹಾಕದೆ ಗಡಿಯಾರ ನೋಡುತ್ತ ಕೂತಳು! ಆ ದಿನ ನಮಗೆಲ್ಲ ಕಪ್ಪು ಪಲ್ಯ.

ಒಮ್ಮೆ ಬಿಸಿಲಲ್ಲಿ ರಕ್ತದ ನಳಿಗೆ ತುಂಬಿದ ಐಸ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದಳಂತೆ. ಆಟೋದವನು, "ಕುಲ್ಫಿ ಹೈ ಕ್ಯಾ, ಮೇಡಂ?" ಎಂದ. "ನಹೀ ಭಯ್ಯಾ, ಖೂನ್ ಹೈ." ಇತವಾರಿಯಿಂದ ಲಕ್ಷ್ಮೀ ನಗರಕ್ಕೆ ಅಷ್ಟು ಜಲ್ದಿ ಯಾರಾದರೂ ಬಂದದ್ದುಂಟೇ?

ಕೊನೆಗೆ ಅವಳ ಕಣ್ಣು ನನ್ನ ಮೊಣಕೈ ಮೇಲೆ ಬಿತ್ತು. ರೋಗಿಯೊಬ್ಬರ ರಕ್ತ ತಗೊಂಡರೆ ಅದೇ ವಯಸ್ಸಿನ, ರೋಗವಿಲ್ಲದ ಒಬ್ಬರ ರಕ್ತವೂ ಬೇಕು, ಪಕ್ಕದಲ್ಲಿಟ್ಟು ನೋಡಲು. ಐವತ್ತೆಂಟರ ಹೆಣ್ಣುಮಗಳೊಬ್ಬಳು ಕೀಲುನೋವಿನಲ್ಲೇ ಎರಡು ಬಸ್ಸು ಬದಲಿಸಿ ಬಂದು ರಕ್ತ ಕೊಟ್ಟು ಹೋಗಿದ್ದಳು. ಅವಳ ವಯಸ್ಸಿನವರು ಯಾರೂ ಸಿಕ್ಕಿರಲಿಲ್ಲ. ಕೇಳಿದವರಿಗೆಲ್ಲ ಬಿಪಿ, ಇಲ್ಲವೇ ಸಕ್ಕರೆ! ನನಗೂ ಆಗ ಐವತ್ತೆಂಟೇ, ಎರಡೂ ಇರಲಿಲ್ಲ.

"ನೀವು ಕೊಡ್ಲಿಲ್ಲಂದ್ರ ಆಕೀದು ಲೆಕ್ಕಕ್ಕ ಬರೂದಿಲ್ಲ ವೈನಿ. ಇರುವಿ ಕಚ್ಚಿದಂಗ, ಅಷ್ಟ."

ಸೂಜಿಯೆಂದರೆ ನನಗೆ ಜೀವಭಯ. ಮೂರು ದಿನ ದೇವರಮನೆಯಿಂದ ಹೊರಬರಲಿಲ್ಲ. ದೇವರಿಗೇ ಬೇಸರ ಬಂದಿರಬೇಕು. ಆದರೆ ಆ ಎರಡು ಬಸ್ಸು ಕಣ್ಣಮುಂದಿನಿಂದ ಹೋಗಲಿಲ್ಲ. ನಿಮ್ಮ ಅಜ್ಜ ಹೋದ ಮೇಲೆ ನನ್ನಿಂದ ಯಾರಿಗೆ ಏನಾಗಬೇಕಿದೆ ಎಂದುಕೊಂಡಿದ್ದೆ. ನಾಲ್ಕನೆಯ ದಿನ ನಾನೇ ಚಪ್ಪಲಿ ಮೆಟ್ಟಿದೆ.

ಪ್ರಯೋಗಾಲಯದಲ್ಲಿ ತೋಳು ಚಾಚಿ ಕೂತೆ. ಊರನ್ನೆಲ್ಲ ಚುಚ್ಚಿದ ನನ್ನ ನಾದಿನಿ ಸೂಜಿ ಹಿಡಿದಳು, ಕೆಳಗಿಟ್ಟಳು, ಮತ್ತೆ ಹಿಡಿದಳು. ಕಡೆಗೆ ನರ್ಸ್ ಕೈಗೆ ಕೊಟ್ಟು, "ಇದೊಂದು ನನ್ನಿಂದ ಆಗೂದಿಲ್ಲ" ಎಂದು ನನ್ನ ಇನ್ನೊಂದು ಕೈ ಹಿಡಿದು ಮುಖ ತಿರುಗಿಸಿದಳು. ಉಳಿದ ಕೈಯಲ್ಲಿ ಕಣ್ಣೊರೆಸಿಕೊಂಡಳು.

ನಾನು ಕಣ್ಣು ಮುಚ್ಚಲಿಲ್ಲ, ಮಕ್ಕಳೇ. ನನ್ನ ರಕ್ತದ ನಳಿಗೆಯನ್ನು ನಾನು ಕಾಣದ ಆ ಹೆಣ್ಣುಮಗಳ ನಳಿಗೆಯ ಪಕ್ಕದಲ್ಲಿ ನಿಲ್ಲಿಸುವವರೆಗೂ ನೋಡಿದೆ. ಆಮೇಲೆ ಇವಳ ಬೆನ್ನು ಸವರಿ ಹೇಳಿದೆ:

"ಅಳಬ್ಯಾಡವಾ. ಇರುವಿ ಕಚ್ಚಿದಂಗ ಆತು, ಅಷ್ಟ."